ಒಂದು ಲಾಟು, ಎರಡು ಶಕ್ತಿಮಾನ್

ನನಗೆ ಬೇಕಾಗಿದ್ದು ಒಂದೇ ಲಾರಿ. ಮನೆಗೆ ಬಂದಿದ್ದು ಎರಡು. ಅದು ಹೇಗಾಯಿತು ಎಂದು ಊರಿನವರು ಈಗಲೂ ಕೇಳುತ್ತಾರೆ. ಸಂತೆಯಲ್ಲಿ, ಮದುವೆ ಮನೆಯಲ್ಲಿ ಸಿಕ್ಕವರಿಗೆಲ್ಲ ಅರ್ಧ ಅರ್ಧ ಹೇಳಿದ್ದೇನೆ. ಪೂರ್ತಿ ಬರೆಯುತ್ತಿರುವುದು ಇದೇ ಮೊದಲು.

ನಮ್ಮ ತೋಟ ಮಾದಾಪುರದ ಕಡೆ, ಸೋಮವಾರಪೇಟೆ ತಾಲೂಕು. ಅರೇಬಿಕಾ ಕಾಫಿ, ಮರಗಳಿಗೆ ಹಬ್ಬಿಸಿದ ಮೆಣಸು, ನೆರಳಿಗೆ ಸಿಲ್ವರ್ ಓಕ್. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆ ಮೇಲೆ ರಸ್ತೆ ಪಕ್ಕ ಇದೆ. ತೋಟ ಪೂರಾ ಅದರ ಕೆಳಗೆ, ಹೊಳೆಯವರೆಗೆ ಇಳಿಜಾರು. ಅರೇಬಿಕಾ ಹಣ್ಣನ್ನು ಕುಯ್ದ ದಿನವೇ ಪಲ್ಪ್ ಮಾಡಬೇಕು. ಮೂಟೆಯಲ್ಲಿ ರಾತ್ರಿ ಇಟ್ಟರೆ ಬಿಸಿಯಾಗಿ ಹುಳಿ ಹಿಡಿಯುತ್ತದೆ. ಹಾಗಾಗಿ ಸಂಜೆ ಅಳತೆ ಮುಗಿದ ಕೂಡಲೇ ಅಷ್ಟೂ ಹಣ್ಣು ಕೆಳಗಿನಿಂದ ಮೇಲೆ ಬರಬೇಕು. ನಮ್ಮ ಟ್ರ್ಯಾಕ್ಟರ್ ಒಣ ದಿನಗಳಲ್ಲಿ ಹೇಗೋ ಹತ್ತುತ್ತಿತ್ತು. ನವೆಂಬರಿನಲ್ಲಿ ಒಂದು ಮಳೆ ಬಿತ್ತೋ, ಅರ್ಧ ದಾರಿಯಿಂದ ಹಿಂದಕ್ಕೆ ಜಾರುತ್ತಿತ್ತು.

2013ರ ಕೊಯ್ಲಿನಲ್ಲಿ ಟ್ರೈಲರ್ ಮಗುಚಿತು. ಹದಿನೆಂಟು ಮೂಟೆ ಹಣ್ಣು ಹೊಳೆಯ ಕಡೆ ಉರುಳಿತು. ಪುಣ್ಯಕ್ಕೆ ಯಾರಿಗೂ ಏಟಾಗಲಿಲ್ಲ. ಮರುದಿನ ಬೆಳಿಗ್ಗೆ ತೋಟದ ಆಳು, ಲೆಕ್ಕ ನೋಡಿಕೊಳ್ಳುವ ರೈಟರ್ ಬಂದು, "ಸಾರ್, ಇನ್ನು ಆ ಟ್ರೈಲರ್ ಹಿಂದೆ ನಾನು ಆಳು ಕಳಿಸೋದಿಲ್ಲ" ಎಂದರು. ಅವರು ಹಾಗೆಲ್ಲ ಸುಮ್ನೆ ಮಾತಾಡುವವರಲ್ಲ.

ನಾಲ್ಕೂ ಚಕ್ರಕ್ಕೆ ಎಳೆತ ಇರುವ ಗಾಡಿ ಬೇಕು. ಹೊಸದರ ಬೆಲೆ ಕೇಳಿದೆ, ಸುಮ್ಮನಾದೆ.

ಪಕ್ಕದ ತೋಟದ ಸುಬೇದಾರ್ ಮಾವ ಸೇನೆಯ ಇಎಂಇ ವಿಭಾಗದಲ್ಲಿ, ಅಂದರೆ ಗಾಡಿ, ಯಂತ್ರ ರಿಪೇರಿ ಮಾಡುವ ವಿಭಾಗದಲ್ಲಿ, ಇಪ್ಪತ್ತೆಂಟು ವರ್ಷ ಇದ್ದು ನಿವೃತ್ತರಾದವರು. ನಮ್ಮ ಜೊತೆ ಕನ್ನಡ, ಸಿಟ್ಟು ಬಂದಾಗ ಹಿಂದಿ, ಪ್ರೀತಿ ಬಂದಾಗ ಕೊಡವ ತಕ್ಕ್. ಅವರ ಮನೆಯ ಜಗಲಿಯಲ್ಲಿ ಕೂತು ಟ್ರೈಲರ್ ಕತೆ ಹೇಳಿದೆ. ಅವರು ಕಾಫಿ ಲೋಟ ಕೆಳಗಿಟ್ಟು, "ಶಕ್ತಿಮಾನ್ ತಗೋ ಮೋನೇ" ಎಂದರು. ಮೋನೇ ಅಂದರೆ ಮಗನೇ.

ಶಕ್ತಿಮಾನ್ ಅಂದರೆ ಗೊತ್ತಲ್ವಾ, ಮೂಗು ಮುಂದೆ ಚಾಚಿರುವ ಹಳೇ ಮಿಲಿಟರಿ ಲಾರಿ. ಜರ್ಮನಿಯ ಮಾನ್ ಕಂಪನಿಯ ಲೈಸೆನ್ಸಿನಲ್ಲಿ ಜಬಲ್‌ಪುರದಲ್ಲಿ ಮಾಡುತ್ತಿದ್ದರು. 1959ರಲ್ಲಿ ಶುರುವಾಗಿ 1996ರಲ್ಲಿ ನಿಂತಿತು. ಮಲೆನಾಡಿನ ಕೂಪುಗಳಲ್ಲಿ ಮರ ಎಳೆಯುತ್ತಿದ್ದ ಲಾರಿಗಳಲ್ಲಿ ಇದೂ ಇತ್ತು. ಕೊಡಗಿನಲ್ಲಿ ಮಿಲಿಟರಿ ಡಿಸ್ಪೋಸಲ್ ಗಾಡಿ, ಅಂದರೆ ಸೇನೆ ಬೇಡವೆಂದು ಮಾರಿದ ಗಾಡಿ, ಹೊಸದೇನಲ್ಲ. ನನ್ನ ದೊಡ್ಡಪ್ಪನ ಜೀಪು ಕೂಡ ಡಿಸ್ಪೋಸಲ್ಲೇ. ಅವರ ಕಾಲದಲ್ಲಿ ಡಿಪೋದ ಮೈದಾನದಲ್ಲಿ ನಿಂತು ಕೂಗುವ ಹರಾಜು. ಒಂದು ಸಲ, ಎರಡು ಸಲ, ಮೂರು ಸಲ, ಮುಗೀತು. ತಿತಿಮತಿಯಲ್ಲಿ ನಾಟಾ ಹರಾಜು ನೋಡಿದವರಿಗೆ ಆ ಗಲಾಟೆ ಗೊತ್ತು. ನಾನೂ ಹಾಗೇ ಅಂದುಕೊಂಡು ಒಂದು ಬಿಳಿ ಅಂಗಿ ಇಸ್ತ್ರಿ ಮಾಡಿಸಿ ಇಟ್ಟಿದ್ದೆ.

ಅಂಗಿ ಬೇಕಾಗಲೇ ಇಲ್ಲ. ಹರಾಜು ಕಂಪ್ಯೂಟರಿನಲ್ಲಿ.

ಇದನ್ನು ನಡೆಸುವುದು ಎಂಎಸ್‌ಟಿಸಿ. 1964ರಲ್ಲಿ ಲೋಹದ ಗುಜರಿ ವ್ಯಾಪಾರಕ್ಕೆಂದು ಹುಟ್ಟಿದ ಕೇಂದ್ರ ಸರ್ಕಾರದ ಕಂಪನಿ. ಸೇನೆ, ರೈಲ್ವೆ, ಸರ್ಕಾರಿ ಕಾರ್ಖಾನೆ ಎಲ್ಲರ ಹಳೆ ಸಾಮಾನೂ ಅಲ್ಲಿ ಬಿಕರಿಗೆ ಬರುತ್ತದೆ. ಖರೀದಿದಾರ ಎಂದು ಮೊದಲು ಹೆಸರು ನೋಂದಾಯಿಸಬೇಕು. ಪ್ಯಾನ್ ಕಾರ್ಡು, ಬ್ಯಾಂಕ್ ವಿವರ, ವಿಳಾಸದ ದಾಖಲೆ, ಶುಲ್ಕ. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಪಾಸ್‌ಪೋರ್ಟ್ ಮಾಡಿಸಿದವರಿಗೆ ಅದೇನೂ ಕಷ್ಟ ಅಲ್ಲ. ಕಷ್ಟ ಇರುವುದು ಕ್ಯಾಟಲಾಗ್ ಓದುವುದರಲ್ಲಿ.

ಸುಬೇದಾರ್ ಮಾವ ಕನ್ನಡಕ ಹಾಕಿಕೊಂಡು ಒಂದೊಂದು ಸಾಲೂ ಬೆರಳಿಟ್ಟು ಓದಿದರು. ಗಾಡಿ ಎಲ್ಲಿದೆಯೋ ಹೇಗಿದೆಯೋ ಹಾಗೇ ತಗೋಬೇಕು, ಆಮೇಲೆ ದೂರು ಹೇಳುವ ಹಾಗಿಲ್ಲ ಎಂಬುದು ಮೊದಲ ಷರತ್ತು. ಅದು ನನಗೂ ಅರ್ಥವಾಯಿತು. ಅವರು ಹುಡುಕುತ್ತಿದ್ದುದು ಬೇರೆ. ಕೆಲವು ಲಾಟುಗಳನ್ನು, ಅಂದರೆ ಒಟ್ಟಿಗೇ ಹರಾಜಿಗಿಡುವ ಸಾಮಾನಿನ ಗುಂಪುಗಳನ್ನು, ಬರೀ ಗುಜರಿ ಎಂದು ಮಾರುತ್ತಾರೆ. ಅದನ್ನು ಎಷ್ಟೇ ಚೆನ್ನಾಗಿ ರಿಪೇರಿ ಮಾಡಿದರೂ ಮತ್ತೆ ರಸ್ತೆಗೆ ನೋಂದಣಿ ಆಗುವುದಿಲ್ಲ. ಗಾಡಿ ಎಂದೇ ಮಾರುವ ಲಾಟಿಗೆ ಮಾತ್ರ ಮಾರಾಟ ಪತ್ರ ಸಿಗುತ್ತದೆ. "ಲೋಹ ನೋಡ್ಬೇಡ, ಕಾಗದ ನೋಡು" ಎಂದರು. ಆ ಮಾತು ನನಗೆ ಆಗ ಪೂರ್ತಿ ಇಳಿದಿರಲಿಲ್ಲ. ಇಳಿದಿದ್ದು ಆರು ತಿಂಗಳ ನಂತರ.

ಮೂರು ವಾರ ನೋಡಿದ ಮೇಲೆ ರಾಜ್ಯದ ಹೊರಗಿನ ಒಂದು ಡಿಪೋದಲ್ಲಿ ಎರಡು ಶಕ್ತಿಮಾನ್ ಇರುವ ಲಾಟು ಕಂಡಿತು. ಡಿಪೋ ಹೆಸರು ಬೇಡ. ಮುಂದೆ ಅವರ ಮೇಲೆ ಒಂದು ದೂರು ಹೇಳಲಿಕ್ಕಿದೆ. ಒಂದೇ ಲಾರಿಯ ಲಾಟು ಎಲ್ಲೂ ಇರಲಿಲ್ಲ. ಉಳಿದವೆಲ್ಲ ಆರು, ಎಂಟು, ಹನ್ನೆರಡು. ಬೇಡದ್ದನ್ನು ಬಿಟ್ಟು ಬೇಕಾದ್ದನ್ನು ಆರಿಸಲಿಕ್ಕೆ ಅದು ಸಂತೆಯ ಬದನೆಕಾಯಿ ಅಲ್ಲವಲ್ಲ. ಎರಡೂ ತಗೋ, ಇಲ್ಲಾ ಎರಡೂ ಬಿಡು.

ಹರಾಜಿಗೆ ಮೊದಲು ಗಾಡಿ ನೋಡಲು ಕೆಲವು ದಿನ ಗೊತ್ತು ಮಾಡಿರುತ್ತಾರೆ. ನಾವಿಬ್ಬರೂ ರಾತ್ರಿ ಬಸ್ಸಿನಲ್ಲಿ ಹೋದೆವು. ಗೇಟಿನಲ್ಲಿ ಗುರುತಿನ ಚೀಟಿ ತೋರಿಸಿ, ಮೊಬೈಲ್ ಒಪ್ಪಿಸಿ, ಹೆಸರು ಬರೆದು ಒಳಗೆ ಹೋದರೆ ಕಣ್ಣು ಹಾಯಿಸಿದಷ್ಟು ದೂರ ಹಸಿರು ಗಾಡಿಗಳು. ಕಾಲುವಾಸಿ ಗಾಡಿಗಳೊಳಗೆ ಗಿಡ ಬೆಳೆದಿತ್ತು. ಫೋಟೋ ತೆಗೆಯುವ ಹಾಗಿಲ್ಲ. ಸ್ಟಾರ್ಟ್ ಮಾಡಿ ನೋಡುವ ಹಾಗೂ ಇಲ್ಲ, ಬ್ಯಾಟರಿಯೇ ಇರಲಿಲ್ಲ ಅನ್ನಿ. ಇದ್ದಿದ್ದು ಒಂದು ನೋಟ್‌ಬುಕ್, ಒಂದು ಪೆನ್ಸಿಲ್, ಒಂದು ಟಾರ್ಚು.

ಲಾರಿ ಮೇಲಿನ ಸೇನಾ ನಂಬರನ್ನು ಓದುವುದನ್ನು ಮಾವ ಅಲ್ಲೇ ಹೇಳಿಕೊಟ್ಟರು. ಮೊದಲು ಮೇಲ್ಮುಖದ ಬಾಣ. ಅದರ ಪಕ್ಕದ ಎರಡು ಅಂಕಿ ಗಾಡಿ ಸೇನೆಗೆ ಸೇರಿದ ವರ್ಷ. ನಮ್ಮವು ಒಂದು 91, ಇನ್ನೊಂದು 94. ನಾನು 94 ಒಳ್ಳೇದು ಅಂದುಕೊಂಡೆ. ಅವರು ಬಾನೆಟ್ ಎತ್ತಿ ಆಯಿಲ್ ಕಡ್ಡಿ ಎಳೆದು ನನ್ನ ಮೂಗಿನ ಹತ್ತಿರ ಹಿಡಿದರು. ಕಡ್ಡಿಯ ತುದಿಯಲ್ಲಿ ಹಾಲು ಹಾಕಿದ ಕಾಫಿ ಬಣ್ಣ. ಆಯಿಲಿಗೆ ನೀರು ಸೇರಿದರೆ ಹಾಗಾಗುತ್ತದಂತೆ. ಹೆಡ್ ಗ್ಯಾಸ್ಕೆಟ್ ಹೋಗಿರಬಹುದು, ಬ್ಲಾಕೇ ಒಡೆದಿರಬಹುದು. 91ರ ಕಡ್ಡಿ ಕಪ್ಪಗಿತ್ತು. "ಕಪ್ಪು ಒಳ್ಳೇದು. ಕೊಳೆ, ಅಷ್ಟೇ."

ಆಮೇಲೆ ಆ ಎಪ್ಪತ್ತರ ಹತ್ತಿರದ ಮನುಷ್ಯ ಗೋಣಿಚೀಲ ಹಾಸಿ ಲಾರಿಯ ಕೆಳಗೆ ನುಗ್ಗಿದರು. ಪ್ರೊಪೆಲ್ಲರ್ ಶಾಫ್ಟ್ ಹಿಡಿದು ಅಲ್ಲಾಡಿಸಿದರು. ಸ್ಪ್ರಿಂಗ್ ಪಟ್ಟಿಗಳನ್ನು ಬೆರಳಲ್ಲಿ ಎಣಿಸಿದರು. ಚಾಸಿಯನ್ನು ಉದ್ದಕ್ಕೂ ಸ್ಪ್ಯಾನರಿನಿಂದ ತಟ್ಟುತ್ತಾ ಬಂದರು, ಹಲಸಿನಹಣ್ಣು ತಟ್ಟಿ ನೋಡುತ್ತಾರಲ್ಲ ಹಾಗೆ. ಟಣ್ ಅಂದರೆ ಸರಿ, ದಬ್ ಅಂದರೆ ಒಳಗೆ ತುಕ್ಕು. ಕೊನೆಗೆ ಚಾಸಿ ನಂಬರಿನ ಮೇಲೆ ಹಾಳೆ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡರು. ಎರಡೂ ಲಾರಿಯದ್ದು. ಯಾಕೆ ಎಂದು ಕೇಳಿದ್ದಕ್ಕೆ, "ಇರಲಿ" ಎಂದರು. ಆ ಹಾಳೆ ನಮ್ಮನ್ನು ಉಳಿಸಿತು.

ಅಲ್ಲಿ ನಮ್ಮ ಹಾಗೆ ಲಾರಿ ಓಡಿಸಲು ಬಂದವರು ಯಾರೂ ಇರಲಿಲ್ಲ. ಬಂದವರೆಲ್ಲ ಗುಜರಿ ವ್ಯಾಪಾರಿಗಳು. ಅವರು ಬಾನೆಟ್ ಎತ್ತುವುದೇ ಇಲ್ಲ. ಒಂದು ಸುತ್ತು ನಡೆದು, ಏನೇನು ಬಿಚ್ಚಿ ಹೋಗಿದೆ ಎಂದು ನೋಡಿ, ಎಷ್ಟು ಟನ್ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿ ಮುಂದೆ ಹೋಗುತ್ತಾರೆ. ಅವರಲ್ಲಿ ಒಬ್ಬ ಹಿರಿಯರ ಜೊತೆ ಗೇಟಿನ ಹೊರಗೆ ಚಹಾ ಕುಡಿದೆವು. ಕಬ್ಬಿಣದ ರೇಟು, ಬಿಚ್ಚುವ ಕೂಲಿ, ಸಾಗಣೆ, ಇಷ್ಟು ಕಳೆದರೆ ಬರುವುದೇ ಅವರ ಬೆಲೆ. ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ಕೂಗುವುದಿಲ್ಲ. ನನಗೆ ಅಲ್ಲಿಯವರೆಗೆ ಲಾರಿಗೆ ಎಷ್ಟು ಕೂಗಬೇಕು ಎಂಬುದೇ ಗೊತ್ತಿರಲಿಲ್ಲ. ಚಹಾ ಮುಗಿಯುವ ಹೊತ್ತಿಗೆ ಗೊತ್ತಾಯಿತು. ಗುಜರಿಯವರು ಎಲ್ಲಿ ನಿಲ್ಲುತ್ತಾರೋ ಅದರ ಮೇಲೆ ಸ್ವಲ್ಪ. ಬಸ್ಸಿನಲ್ಲಿ ವಾಪಸ್ ಬರುವಾಗ ಲೆಕ್ಕ ಹಾಕಿ, ಎರಡಕ್ಕೂ ಸೇರಿ 2,40,000 ರೂಪಾಯಿ ಎಂದು ತೀರ್ಮಾನಿಸಿದೆವು. ಹೆಂಡತಿ ಆ ಅಂಕಿಯನ್ನು ಕ್ಯಾಲೆಂಡರ್ ಹಿಂದೆ ದಪ್ಪಗೆ ಬರೆದು ಕಂಪ್ಯೂಟರ್ ಮೇಲೆ ಅಂಟಿಸಿದಳು.

ಹರಾಜಿನ ದಿನ ಜೂನ್ ತಿಂಗಳ ಒಂದು ಗುರುವಾರ. ಮುಂಗಡ ಠೇವಣಿ ಮೊದಲೇ ಕಟ್ಟಿದ್ದೆ. ಹರಾಜು ಸಿಗದಿದ್ದರೆ ಅದು ವಾಪಸ್ ಬರುತ್ತದೆ. ಸಿಕ್ಕಿಯೂ ಹಣ ಕಟ್ಟದಿದ್ದರೆ ಮುಳುಗುತ್ತದೆ. ಜೂನ್ ಅಂದರೆ ನಮ್ಮಲ್ಲಿ ಮಳೆ, ಮಳೆ ಅಂದರೆ ಕರೆಂಟ್ ಇಲ್ಲ. ಅದಕ್ಕೇ ಬೆಳಿಗ್ಗೆಯೇ ಕುಶಾಲನಗರಕ್ಕೆ ಇಳಿದು ಗೆಳೆಯನ ಅಂಗಡಿಯಲ್ಲಿ ಕೂತೆ. ಅಂಟಿಸಿದ ಚೀಟಿಯನ್ನೂ ಕಿತ್ತುಕೊಂಡು ಹೋಗಿದ್ದೆ. ಎರಡು ಗಂಟೆ ಏನೂ ನಡೆಯಲಿಲ್ಲ. ಎಲ್ಲರೂ ಕೊನೆ ನಿಮಿಷಕ್ಕೆ ಕಾಯುತ್ತಾರೆ. ಮುಗಿಯಲು ಐದು ನಿಮಿಷ ಇರುವಾಗ ಶುರುವಾಯಿತು. ಕೊನೆಯ ನಿಮಿಷಗಳಲ್ಲಿ ಯಾರಾದರೂ ಕೂಗಿದರೆ ಸಮಯ ತಾನಾಗಿಯೇ ಮುಂದೆ ಹೋಗುತ್ತದೆ. ಎದುರಿಗೆ ಯಾರಿದ್ದಾರೆ ಎಂದು ಕಾಣುವುದಿಲ್ಲ. ಅಂಕಿ ಮಾತ್ರ ಬದಲಾಗುತ್ತದೆ. ದೊಡ್ಡಪ್ಪನ ಕಾಲದಲ್ಲಿ ಎದುರಿನವನ ಮುಖ ನೋಡಿ ಅವನ ಜೇಬು ಅಳೆಯಬಹುದಿತ್ತು.

2,36,000ಕ್ಕೆ ಬಂತು. ನಾನು 2,40,000 ಹಾಕಿದೆ. ಮೂರು ನಿಮಿಷ ಸದ್ದಿಲ್ಲ. ಬಂತಲ್ಲ ಅಂದುಕೊಳ್ಳುವಷ್ಟರಲ್ಲಿ 2,44,000. ಚೀಟಿ ನೋಡಿದೆ. ಆಗಲೇ ಕರೆಂಟ್ ಹೋಯಿತು. ಯುಪಿಎಸ್ ಕುಂಯ್ ಕುಂಯ್ ಎಂದು ಕೂಗತೊಡಗಿತು. ಗೆಳೆಯ, "ಐದು ನಿಮಿಷ ಬರುತ್ತೆ ನೋಡು, ಅದಕ್ಕಿಂತ ಜಾಸ್ತಿ ಇಲ್ಲ" ಎಂದ. ಯೋಚಿಸಲು ಹೊತ್ತಿಲ್ಲದಾಗ ಮನುಷ್ಯ ಏನು ಮಾಡುತ್ತಾನೆ? 2,48,000 ಹಾಕಿದೆ. ಎದುರಿನವರು 2,50,000. ನಾನು 2,52,000. ಅಲ್ಲಿಗೆ ನಿಂತಿತು. ಆ ಯುಪಿಎಸ್ ಇಲ್ಲದಿದ್ದರೆ ನನಗೆ ಹನ್ನೆರಡು ಸಾವಿರ ಉಳಿಯುತ್ತಿತ್ತೋ, ಇಲ್ಲಾ ಲಾರಿಯೇ ತಪ್ಪುತ್ತಿತ್ತೋ. ಹೆಂಡತಿಯ ಪ್ರಕಾರ ಎರಡರಲ್ಲಿ ಯಾವುದಾಗಿದ್ದರೂ ಲಾಭವೇ.

ಗೆದ್ದೆ ಎಂದು ಹೋಳಿಗೆ ಮಾಡಿಸುವ ಹಾಗಿಲ್ಲ. ನಮ್ಮ ಲಾಟು ಮಾರಾಟಗಾರರ ಒಪ್ಪಿಗೆಗೆ ಒಳಪಟ್ಟಿತ್ತು. ಬೆಲೆ ಸಾಲದು ಅನಿಸಿದರೆ ಅವರು ಕೊಡದೇ ಇರಬಹುದು. ಹದಿನೇಳು ದಿನ ಕಾದ ಮೇಲೆ ಒಪ್ಪಿಗೆ ಬಂತು. ಅಲ್ಲಿಂದ ಗಡಿಯಾರ ನಮ್ಮ ಮೇಲೆ ಓಡುತ್ತದೆ. ಇಷ್ಟು ದಿನದೊಳಗೆ ಬಾಕಿ ಹಣ, ಅದರ ಮೇಲೆ ತೆರಿಗೆ. ಕೊಟ್ಟ ಗಡುವಿನೊಳಗೆ ಗಾಡಿ ಎತ್ತಬೇಕು, ತಡವಾದರೆ ದಿನಕ್ಕಿಷ್ಟು ಎಂದು ನೆಲಬಾಡಿಗೆ. ಡಿಪೋದೊಳಗೆ ರಿಪೇರಿ ಮಾಡಲು ಬಿಡುವುದಿಲ್ಲ. ಹೊರಗಿನಿಂದ ಕ್ರೇನ್ ತರಿಸಿ, ಲಾರಿ ಹೊತ್ತು ತರಲು ಎರಡು ದೊಡ್ಡ ಟ್ರೈಲರ್ ಗೊತ್ತು ಮಾಡಿದೆ. ಅವೆರಡರ ಬಾಡಿಗೆಯನ್ನು ನಾನು ಲೆಕ್ಕಕ್ಕೇ ತಗೊಂಡಿರಲಿಲ್ಲ. ಲಾರಿಯ ಬೆಲೆಯ ಕಾಲುಭಾಗಕ್ಕಿಂತ ಜಾಸ್ತಿ ಹೋಯಿತು.

ಬೈಲುಕುಪ್ಪೆ ದಾಟಿ ಟ್ರೈಲರ್‌ಗಳು ಕುಶಾಲನಗರಕ್ಕೆ ಬಂದಾಗ ಬೆಳಗಿನ ಜಾವ. ವರ್ಕ್‌ಶಾಪ್ ಮುಂದೆ ಆಗಲೇ ಹತ್ತು ಜನ. ಈ ಜಿಲ್ಲೆಯಲ್ಲಿ ಹಸಿರು ಗಾಡಿ ಕಂಡರೆ ಜನ ನಿಲ್ಲುತ್ತಾರೆ. ಮನೆಗೊಬ್ಬ ಮಾಜಿ ಸೈನಿಕ, ಕಾರ್ಯಪ್ಪ ಹುಟ್ಟಿದ ಶನಿವಾರಸಂತೆ ನಮ್ಮದೇ ತಾಲೂಕು, ಹಾಗಾಗಿ ಎಲ್ಲರಿಗೂ ಅದರ ಮೇಲೆ ಒಂದು ಹಕ್ಕು. ಒಬ್ಬರಂತೂ ಟೈರು ಮುಟ್ಟಿ, "ಇದೇ ಥರದ್ದರಲ್ಲಿ ಲೇಹ್‌ನಲ್ಲಿ ರೇಷನ್ ಸಾಗಿಸಿದ್ದೆ" ಎಂದು ಕಣ್ಣು ಒರೆಸಿಕೊಂಡರು.

91 ವರ್ಕ್‌ಶಾಪಿನಲ್ಲಿ ಎರಡು ತಿಂಗಳು ಇತ್ತು. ಡೀಸೆಲ್ ಟ್ಯಾಂಕ್ ಬಿಚ್ಚಿ ತೊಳೆದರು, ಪಂಪು ಮತ್ತು ನಾಝಲ್ ಮಾಡಿಸಿದರು, ಬ್ರೇಕಿನ ರಬ್ಬರುಗಳೆಲ್ಲ ಹೊಸದು. ಬೇಕಾದ ಹೊತ್ತಿಗೆಲ್ಲ 94ರಿಂದ ಬಿಚ್ಚಿದೆವು. ಡೈನಮೋ, ರೇಡಿಯೇಟರ್, ಎರಡು ಒಳ್ಳೆ ಟೈರು. ಆಗ ತಿಳಿಯಿತು, ಎರಡು ಲಾರಿಯ ಲಾಟು ನನ್ನ ದುರದೃಷ್ಟ ಅಲ್ಲ ಎಂದು. 1996ರಲ್ಲೇ ನಿಂತುಹೋದ ಲಾರಿಗೆ ಬಿಡಿಭಾಗ ಎಲ್ಲಿ ಹುಡುಕುತ್ತೀರಿ? ಒಂದು ಸಂಜೆ ಮಾವ ಸ್ವತಃ ಕೂತು ಸ್ಟಾರ್ಟರ್ ಒತ್ತಿದರು. ಮೂರನೇ ಸಲಕ್ಕೆ ದಟ್ಟ ಬಿಳಿ ಹೊಗೆ ಕಾರಿ ಹಿಡಿಯಿತು. ಶೆಡ್ಡಿನ ತಗಡೆಲ್ಲ ಗಡಗಡ.

ಬಣ್ಣದ ವಿಷಯದಲ್ಲಿ ಮಾವನಿಗೂ ನನಗೂ ಸಣ್ಣ ಜಗಳ. ಅವರಿಗೆ ಹಸಿರೇ ಇರಲಿ ಎಂಬ ಆಸೆ. ಆದರೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದ ಪ್ರಕಾರ ರಕ್ಷಣಾ ಇಲಾಖೆಯದ್ದಲ್ಲದ ಯಾವ ಗಾಡಿಗೂ ಆಲಿವ್ ಹಸಿರು ಬಳಿಯುವಂತಿಲ್ಲ. ತೋರಿಸಿದೆ. ಓದಿದರು. ಏನೂ ಹೇಳದೆ ಎದ್ದು ಮನೆಗೆ ಹೋದರು. ಪಲ್ಪರ್ ಮನೆಯ ಬಾಗಿಲಿಗೆ ತಂದು ಉಳಿದಿದ್ದ ನೀಲಿಗೆ ಇನ್ನಷ್ಟು ಸೇರಿಸಿ ಬಳಿಸಿದೆ. ಮರುದಿನ ಬಂದು ನೋಡಿ, "ಸ್ಕೂಲ್ ಪೆಟ್ಟಿಗೆ ಥರ ಆಯ್ತು" ಎಂದರು. ನಿಜವೇ.

ಈಗ ದೂರು. ಹರಾಜಾದ ಮಿಲಿಟರಿ ಗಾಡಿಗೆ ಶೋರೂಮಿನ ಬಿಲ್ ಇರುವುದಿಲ್ಲವಲ್ಲ. ಅದರ ಬದಲು ರಕ್ಷಣಾ ಇಲಾಖೆಯ ಅಧಿಕಾರಿ 21ನೇ ನಮೂನೆಯಲ್ಲಿ ಮಾರಾಟ ಪತ್ರ ಕೊಡುತ್ತಾರೆ. ಅದನ್ನು 20ನೇ ನಮೂನೆಯ ಅರ್ಜಿ, ವಿಮೆ, ವಿಳಾಸದ ದಾಖಲೆ ಜೊತೆ ಇಟ್ಟರೆ ನೋಂದಣಿ. ಸೆಪ್ಟೆಂಬರಿನಲ್ಲಿ ತಾತ್ಕಾಲಿಕ ನೋಂದಣಿ ಮಾಡಿಸಲು ಕಾಗದ ಜೋಡಿಸುತ್ತಿದ್ದೆ. ಮಾವ ತಮ್ಮ ಹಳೆ ಪೆನ್ಸಿಲ್ ಅಚ್ಚಿನ ಹಾಳೆ ತಂದು ಪಕ್ಕದಲ್ಲಿಟ್ಟರು. ಮಾರಾಟ ಪತ್ರದಲ್ಲಿ ಚಾಸಿ ನಂಬರಿನ ಒಂದು 3 ಇದ್ದ ಕಡೆ 8 ಎಂದು ಟೈಪ್ ಆಗಿತ್ತು.

ಹಾಗೇ ಹೋಗಿದ್ದರೆ ಏನಾಗುತ್ತಿತ್ತು? ಬ್ರೇಕ್ ಇನ್‌ಸ್ಪೆಕ್ಟರು ಚಾಸಿ ನಂಬರ್ ತಾಳೆ ನೋಡುತ್ತಾರೆ. ತಾಳೆ ಆಗದಿದ್ದರೆ ಅದು ಕಳ್ಳ ಗಾಡಿಯೋ ಎಂಬ ಅನುಮಾನ. ಡಿಪೋಗೆ ಫೋನ್ ಮಾಡಿದೆ. ಪತ್ರ ಬರೆಯಿರಿ ಎಂದರು. ಬರೆದೆ. ಉತ್ತರ ಇಲ್ಲ. ಮತ್ತೆ ಬರೆದೆ. ಸಹಿ ಮಾಡಿದ ಅಧಿಕಾರಿ ವರ್ಗವಾಗಿದ್ದಾರೆ ಎಂಬ ಉತ್ತರ. ಒಂದು ಅಂಕಿ ತಿದ್ದಲು ನಾಲ್ಕು ತಿಂಗಳು, ಎರಡು ಪ್ರಯಾಣ. ಅಷ್ಟರಲ್ಲಿ ಕೊಯ್ಲು ಬಂದು ನಿಂತಿತ್ತು. ತೋಟದೊಳಗೆ ಮಾತ್ರ ಓಡಿಸಿದರೆ ಏನಾಗುತ್ತೆ ಅಂದುಕೊಂಡೆ. ಅದಕ್ಕೂ ಮಾವ ಬಿಡಲಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 39ನೇ ಕಲಮಿನಲ್ಲಿ ಸಾರ್ವಜನಿಕ ಜಾಗದ ಜೊತೆಗೆ 'ಬೇರೆ ಯಾವುದೇ ಜಾಗ' ಎಂದೂ ಇದೆಯಂತೆ. ತೆಗೆದು ನೋಡಿದೆ, ಇತ್ತು. ನೀಲಿ ಲಾರಿ ಟಾರ್ಪಾಲಿನ್ ಹೊದ್ದು ಮಲಗಿತು. ಆ ವರ್ಷದ ಅರೇಬಿಕಾ ಹಣ್ಣು ತಲೆಹೊರೆಯಲ್ಲೇ ಮೇಲೆ ಬಂತು. ಇರುಳು ಕಂಡ ಬಾವಿಗೆ ಹಗಲು ಬಿದ್ದೆ ಎಂದು ಅಮ್ಮ ದಿನಕ್ಕೊಮ್ಮೆಯಾದರೂ ಹೇಳಿದಳು.

ತಿದ್ದಿದ ಪತ್ರ 2015ರ ಜನವರಿ ಕೊನೆಗೆ ಕೈಗೆ ಬಂತು. ಆಮೇಲೆ ಎಲ್ಲ ಸಲೀಸು. ಮಡಿಕೇರಿಯಲ್ಲಿ ಇನ್‌ಸ್ಪೆಕ್ಟರು ಬ್ರೇಕು, ಲೈಟು, ಚಾಸಿ ನಂಬರ್ ಎಲ್ಲ ನೋಡಿ, ಒಂದು ಸುತ್ತು ಓಡಿಸಲು ಹೇಳಿದರು. ಕೆಎ-12ರ ನಂಬರ್ ಬಂತು. ಓಡಿಸಿದ್ದು ನಾನಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಒಟ್ಟು ತೂಕ 7,500 ಕೆಜಿ ದಾಟಿದ ಗಾಡಿಗೆ ಕಾರಿನ ಲೈಸೆನ್ಸ್ ನಡೆಯುವುದಿಲ್ಲ. ಇಷ್ಟೆಲ್ಲ ಓದಿದವನಿಗೆ ಆ ಒಂದು ವಿಷಯ ಹೊಳೆದಿರಲಿಲ್ಲ. ಹೆವಿ ಲೈಸೆನ್ಸ್ ಇದ್ದ ಡ್ರೈವರನ್ನು ಹಿಡಿದು ತಂದೆ. ನನ್ನ ಹೆವಿ ಲೈಸೆನ್ಸ್ ಬರಲು ಇನ್ನೂ ಒಂದು ವರ್ಷ ಹಿಡಿಯಿತು.

ಒಟ್ಟು ಎಷ್ಟಾಯಿತು ಎಂದು ಕೇಳುವವರಿಗೆ: ಹರಾಜು, ತೆರಿಗೆ, ಟ್ರೈಲರ್, ವರ್ಕ್‌ಶಾಪ್, ಓಡಾಟ ಎಲ್ಲ ಸೇರಿ ಆರು ಲಕ್ಷದ ಹತ್ತಿರ. ಎರಡೂವರೆ ಲಕ್ಷದ ಲಾರಿ ಎಂದು ಹೇಳಿಕೊಂಡು ತಿರುಗಿದರೆ ಅದು ಸುಳ್ಳು. ಡೀಸೆಲ್ ಕುಡಿಯುವ ವಿಷಯ ಎತ್ತಬೇಡಿ. ಆದರೆ ತುಂಬಿದ ಲಾರಿ ಮಣ್ಣಿನ ಏರಿನಲ್ಲಿ, ಮಳೆಯಲ್ಲಿ, ಫೋರ್ ವೀಲ್ ಹಾಕಿ ಮೊದಲ ಗೇರಿನಲ್ಲಿ ಹತ್ತುವಾಗ ರೈಟರ್ ಹಿಂದೆ ನಿಂತು ನೋಡುತ್ತಾರೆ. ಟ್ರೈಲರ್ ಬಗ್ಗೆ ಮತ್ತೆ ಮಾತಿಲ್ಲ. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದು ಮಕ್ಕಂದೂರು, ಹಟ್ಟಿಹೊಳೆ ಕಡೆ ರಸ್ತೆ ಹೋದಾಗ ನಾಲ್ಕು ದಿನ ಅಕ್ಕಿ, ಕಂಬಳಿ, ಹಾಲಿನ ಪುಡಿ ಹೊತ್ತಿದ್ದೂ ಇದೇ ನೀಲಿ ಲಾರಿ.

ಈಗ ಇದೇ ದಾರಿ ಹಿಡಿಯುವವರು ನಿಯಮ ಬದಲಾಗಿರುವುದನ್ನು ಗಮನಿಸಬೇಕು. 2023ರ ಏಪ್ರಿಲ್ 1ರಿಂದ 15 ವರ್ಷ ಮೀರಿದ ಸರ್ಕಾರಿ ಗಾಡಿಗಳ ನೋಂದಣಿ ಮುಂದುವರಿಯುವುದಿಲ್ಲ, ಅವು ಗುಜರಿ ಕೇಂದ್ರಕ್ಕೇ ಹೋಗಬೇಕು. ಸೇನೆಯ ಕಾರ್ಯಾಚರಣೆಗೆ ಬಳಸುವ ವಿಶೇಷ ವಾಹನಗಳಿಗೆ ವಿನಾಯಿತಿ ಇದೆ. ಹಾಗಾಗಿ ಕ್ಯಾಟಲಾಗಿನಲ್ಲಿ ಗುಜರಿಗೆ ಮಾತ್ರ ಎಂದು ಬರೆದಿದೆಯೇ ಎಂಬುದನ್ನು ಎರಡು ಸಲ ಓದಿ. ಪೆನ್ಸಿಲ್ ಮರೆಯಬೇಡಿ.

94 ಇನ್ನೂ ಪಲ್ಪರ್ ಮನೆಯ ಹಿಂದೆ ನಿಂತಿದೆ. ಚಕ್ರ ಇಲ್ಲ, ಕಲ್ಲಿನ ಮೇಲೆ ಕೂತಿದೆ, ಹಸಿರು ಬಣ್ಣ ಹಾಗೇ ಇದೆ. ಕ್ಯಾಬಿನ್ನಿನಲ್ಲಿ ತೋಟದ ಆಳುಗಳ ಲೈನ್ ಮನೆಯವರ ಕೋಳಿ ಮೊಟ್ಟೆ ಇಡುತ್ತವೆ. ಪ್ರತಿ ವರ್ಷ ಮಳೆ ನಿಂತ ಮೇಲೆ ಕುಶಾಲನಗರದಿಂದ ಗುಜರಿಯವನು ಬಂದು ಕೆಜಿಗೆ ಇಷ್ಟು ಎಂದು ಕೇಳುತ್ತಾನೆ. ಕಳೆದ ಅಕ್ಟೋಬರಿನಲ್ಲಿ ರೇಟು ಚೆನ್ನಾಗಿತ್ತು, ನಾನು ತಲೆ ಆಡಿಸುವುದರಲ್ಲಿದ್ದೆ. ಸುಬೇದಾರ್ ಮಾವ ಬೇಲಿಯ ಆಚೆಯಿಂದಲೇ ಕೂಗಿದರು. "ಸ್ಟೇರಿಂಗ್ ಬಾಕ್ಸ್ ಇನ್ನೂ ಅದರಲ್ಲೇ ಇದೆ ಮೋನೇ!"